5ಜಿ ಟವರ್ ಅಷ್ಟೊಂದು ವಿದ್ಯುತ್ ನುಂಗುವುದೇಕೆ? ಸಿಗ್ನಲ್‌ನ ಆಕಾರದಲ್ಲೇ ಇದೆ ಉತ್ತರ

2020ರಲ್ಲಿ ಒಂದಕ್ಕೊಂದು ತಾಳೆಯಾಗದ ಎರಡು ಸುದ್ದಿಗಳು ಬಂದಿದ್ದವು. ಚೀನಾದ ಲುವೊಯಾಂಗ್ ನಗರದಲ್ಲಿ ಚೈನಾ ಯೂನಿಕಾಂ ಕಂಪನಿ ವಿದ್ಯುತ್ ವೆಚ್ಚ ತಗ್ಗಿಸಲು ತನ್ನ ಕೆಲವು 5ಜಿ ರೇಡಿಯೋಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಮಲಗಿಸುತ್ತಿದೆ ಎಂಬುದು ಆಗಸ್ಟ್ ತಿಂಗಳ ಸುದ್ದಿ. 5ಜಿ ಜಾಲ 4ಜಿಗಿಂತ ಶೇ 90ರವರೆಗೆ ಹೆಚ್ಚು ಇಂಧನ ದಕ್ಷ ಎಂದು ನೋಕಿಯಾ ಮತ್ತು ಸ್ಪೇನಿನ ಟೆಲಿಫೋನಿಕಾ ಜಂಟಿ ಅಧ್ಯಯನದ ಆಧಾರದಲ್ಲಿ ಪ್ರಕಟಿಸಿದ್ದು ಡಿಸೆಂಬರ್‌ನಲ್ಲಿ. ಅಷ್ಟು ದಕ್ಷವಾದ ಯಂತ್ರವನ್ನು ಕರೆಂಟ್ ಬಿಲ್ಲಿಗೆ ಹೆದರಿ ಆರಿಸುವುದೇಕೆ?

ಆ ಗೊಂದಲ ಇನ್ನೂ ಬಗೆಹರಿದಿಲ್ಲ. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿಯ ರೇಡಿಯೋ ಕಾರ್ಯತಂಡಗಳು 2025ರ ಆಗಸ್ಟ್ ಕೊನೆಯ ವಾರ ಬೆಂಗಳೂರಿನಲ್ಲಿ ಸೇರಿ 6ಜಿ ರೇಡಿಯೋ ಹೇಗಿರಬೇಕು ಎಂಬ ಚರ್ಚೆಯನ್ನು ಕೈಗೆತ್ತಿಕೊಂಡವು. ‘ಹಿಂದಿನದಕ್ಕಿಂತ ದಕ್ಷ’ ಎಂಬ ಮಾತು ಈಗ 6ಜಿ ಬಗ್ಗೆಯೂ ಕೇಳಿಬರುತ್ತಿದೆ. ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ತೀರ್ಮಾನಿಸಲು ಟವರ್ ಮೇಲಿನ ಪೆಟ್ಟಿಗೆಯೊಳಗೆ ವಿದ್ಯುತ್ ಏನಾಗುತ್ತದೆ ಎಂಬುದು ಗೊತ್ತಿರಬೇಕು.

ಎರಡೂ ಸುದ್ದಿ ನಿಜ

ಲೆಕ್ಕದ ಛೇದ ಬೇರೆ, ಅಷ್ಟೇ. ನೋಕಿಯಾ–ಟೆಲಿಫೋನಿಕಾ ಅಳೆದದ್ದು ಸಾಗಿಸಿದ ದತ್ತಾಂಶದ ಪ್ರತಿ ಘಟಕಕ್ಕೆ ತಗುಲಿದ ವಿದ್ಯುತ್ತನ್ನು. ಲುವೊಯಾಂಗ್‌ನ ಕಂಪನಿ ನೋಡಿದ್ದು ತಿಂಗಳ ಕೊನೆಗೆ ಬಂದ ಬಿಲ್ಲನ್ನು. 100 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಯಲ್ಲಿ 5ಜಿ ರೇಡಿಯೋ 4ಜಿಗಿಂತ ಹಲವು ಪಟ್ಟು ದತ್ತಾಂಶ ಸಾಗಿಸಬಲ್ಲದು. ಹಾಗಾಗಿ ಭಾಗಾಕಾರ ಮಾಡಿದರೆ ಒಂದೊಂದು ಬಿಟ್ ಅಗ್ಗವಾಗಿ ಕಾಣುತ್ತದೆ. ಆದರೆ ನಡುರಾತ್ರಿ ಯಾರೂ ವಿಡಿಯೊ ನೋಡದಿದ್ದಾಗಲೂ ಪೆಟ್ಟಿಗೆ ಚಾಲೂ ಇರುತ್ತದೆ. ಆಗ ಭಾಗಿಸಲು ಬಿಟ್‌ಗಳಿಲ್ಲ, ಮೀಟರು ಮಾತ್ರ ತಿರುಗುತ್ತಿರುತ್ತದೆ. ಪ್ರತಿ ಬಿಟ್‌ನ ದರ ಇಳಿದಷ್ಟೂ ಜನ ಹೆಚ್ಚು ಬಿಟ್ ಬಳಸುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಭಾರತದಲ್ಲಿ ಒಬ್ಬ ಚಂದಾದಾರನ ಸರಾಸರಿ ಬಳಕೆ ತಿಂಗಳಿಗೆ 20 ಜಿಬಿ ದಾಟಿ ಬಹಳ ಕಾಲವಾಯಿತು.

ಒಂದು ಮೊಬೈಲ್ ಜಾಲ ಬಳಸುವ ವಿದ್ಯುತ್ತಿನಲ್ಲಿ ಸರಿಸುಮಾರು ಮುಕ್ಕಾಲು ಪಾಲು ಹೋಗುವುದು ಟವರ್‌ಗಳ ರೇಡಿಯೋ ಭಾಗಕ್ಕೆ. ಜಾಲದಲ್ಲಿ ದಟ್ಟಣೆ ಇರುವಾಗ ಆ ರೇಡಿಯೋದೊಳಗೆ ಅತಿ ಹೆಚ್ಚು ತಿನ್ನುವುದು ಪವರ್ ಆಂಪ್ಲಿಫೈಯರ್. ಸಣ್ಣ ಸಿಗ್ನಲನ್ನು ಆಂಟೆನಾಗೆ ಬೇಕಾದಷ್ಟು ಹಿಗ್ಗಿಸುವ ಟ್ರಾನ್ಸಿಸ್ಟರ್ ಅದು. ಅದಕ್ಕೆ ಕೊಟ್ಟ ವಿದ್ಯುತ್ತಿನ ದೊಡ್ಡ ಪಾಲು ಅಲೆಯಾಗಿ ಹೊರಹೋಗದೆ ಪೆಟ್ಟಿಗೆಯ ಬೆನ್ನಿನ ಲೋಹದ ರೆಕ್ಕೆಗಳಿಂದ ಬಿಸಿಯಾಗಿ ಹೋಗುತ್ತದೆ. ಹೀಗಾಗುವುದು ಟ್ರಾನ್ಸಿಸ್ಟರ್ ಕಳಪೆಯಾಗಿರುವುದರಿಂದಲ್ಲ. ನಾವು ಅದಕ್ಕೆ ಕೊಡುತ್ತಿರುವ ಸಿಗ್ನಲ್‌ನ ಆಕಾರ ಅಂಥದ್ದು.

ಸಮತಟ್ಟಾದ ಸಿಗ್ನಲ್ ಗುಡ್ಡಗಾಡಾದದ್ದು

2ಜಿ ಕಾಲದ ಜಿಎಸ್‌ಎಂ ಫೋನಿನ ಸಿಗ್ನಲ್‌ಗೆ ಎತ್ತರದಲ್ಲಿ ಏರಿಳಿತ ಇರಲಿಲ್ಲ. ಮಾಹಿತಿಯೆಲ್ಲ ಅಲೆಯ ಹಂತದಲ್ಲಿ (ಫೇಸ್), ಅಂದರೆ ಅಲೆ ಯಾವ ಗಳಿಗೆಯಲ್ಲಿ ಏಳುತ್ತದೆ, ಬೀಳುತ್ತದೆ ಎಂಬುದರಲ್ಲಿ ಅಡಗಿರುತ್ತಿತ್ತು, ಅಲೆಯ ಎತ್ತರ ಸದಾ ಒಂದೇ. ಅಂಥ ಸಿಗ್ನಲ್ ಸಿಕ್ಕರೆ ಆಂಪ್ಲಿಫೈಯರನ್ನು ಅದರ ಗರಿಷ್ಠ ಮಟ್ಟದಲ್ಲೇ ನಿರಾತಂಕವಾಗಿ ಓಡಿಸಬಹುದು. ಆ ಮಟ್ಟದಲ್ಲೇ ಅದು ಅತ್ಯಂತ ದಕ್ಷ ಕೂಡ.

4ಜಿ ಮತ್ತು 5ಜಿ ಟವರ್‌ಗಳು ಬಳಸುವುದು ಒಎಫ್‌ಡಿಎಂ ಎಂಬ ವಿಧಾನವನ್ನು. 5ಜಿಯ 100 ಮೆಗಾಹರ್ಟ್ಸ್ ಪಟ್ಟಿಯನ್ನು 3,276 ಸಣ್ಣ ಉಪವಾಹಕಗಳಾಗಿ ಸೀಳಿ, ಒಂದೊಂದರ ಮೇಲೂ ಸ್ವಲ್ಪ ಸ್ವಲ್ಪ ಮಾಹಿತಿ ಹೇರಿ, ಎಲ್ಲವನ್ನೂ ಕೂಡಿಸಿ ಒಟ್ಟಿಗೆ ಕಳುಹಿಸಲಾಗುತ್ತದೆ. ಕಟ್ಟಡಗಳಿಗೆ ಬಡಿದು ಹಿಂದುಮುಂದಾಗಿ ಬರುವ ಪ್ರತಿಧ್ವನಿಗಳ ನಡುವೆಯೂ ಮಾಹಿತಿ ಕೆಡದಂತೆ ತಲುಪಿಸುವುದರಲ್ಲಿ ಈ ವಿಧಾನಕ್ಕೆ ಎದುರಿಲ್ಲ. ಅದಕ್ಕೆ ತೆರುವ ಬೆಲೆ ಏರಿಳಿತ. ಮೂರು ಸಾವಿರಕ್ಕೂ ಹೆಚ್ಚು ಅಲೆಗಳು ಸಾಮಾನ್ಯವಾಗಿ ಒಂದನ್ನೊಂದು ಅಳಿಸುತ್ತ ಸಾಗುತ್ತವೆ. ಆಗೊಮ್ಮೆ ಈಗೊಮ್ಮೆ ಬಹಳಷ್ಟು ಒಟ್ಟಿಗೆ ತಲೆಯೆತ್ತಿದಾಗ ಸಿಗ್ನಲ್ ಶಿಖರಕ್ಕೇರುತ್ತದೆ.

ಇದರ ಪ್ರಮಾಣ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಇಷ್ಟೊಂದು ಅಲೆಗಳ ಮೊತ್ತ ಯಾದೃಚ್ಛಿಕ ಗದ್ದಲದಂತೆ ವರ್ತಿಸುವುದರಿಂದ, ಯಾವುದೇ ಕ್ಷಣದ ಶಕ್ತಿ ಸರಾಸರಿಯ ಹತ್ತು ಪಟ್ಟು ಮೀರುವ ಸಂಭವ ಸುಮಾರು 22,000ಕ್ಕೆ ಒಂದು. ತೀರಾ ಅಪರೂಪ ಎನಿಸಬಹುದು. ಆದರೆ ಈ ಪಟ್ಟಿಯ ಸಿಗ್ನಲ್‌ನಲ್ಲಿ ಸೆಕೆಂಡಿಗೆ 12.28 ಕೋಟಿ ಮಾದರಿಗಳಿರುತ್ತವೆ (ಒಂದೊಂದು ಮಾದರಿಯೂ ಒಂದು ಕ್ಷಣದ ಸಿಗ್ನಲ್‌ನ ಅಂಕಿ). ಅಂದರೆ ಅಂಥ ಶಿಖರ ಸೆಕೆಂಡಿಗೆ ಐದೂವರೆ ಸಾವಿರ ಬಾರಿ ಬರುತ್ತದೆ. ಸರಾಸರಿ 40 ವ್ಯಾಟ್ ಕಳುಹಿಸಬೇಕಾದ ಆಂಪ್ಲಿಫೈಯರ್ ಈ ಶಿಖರಗಳಿಗಾಗಿ 400 ವ್ಯಾಟ್ ತಾಳುವಷ್ಟು ದೊಡ್ಡದಿರಬೇಕು. ಉಳಿದ ಹೊತ್ತೆಲ್ಲ ಅದು ತನ್ನ ಸಾಮರ್ಥ್ಯದ ಹತ್ತನೇ ಒಂದರ ಆಸುಪಾಸಿನಲ್ಲಿ ದುಡಿಯುತ್ತದೆ. ಒಂದು ಲೋಟ ಕಾಫಿಗೆ ಮದುವೆಮನೆಯ ಹಂಡೆ ಒಲೆಗೇರಿಸಿದ ಹಾಗೆ.

ಪಠ್ಯಪುಸ್ತಕದ ‘ಕ್ಲಾಸ್ ಬಿ’ ಆಂಪ್ಲಿಫೈಯರ್‌ನ ಗರಿಷ್ಠ ದಕ್ಷತೆ ಶೇ 78.5. ಅದೇ ಆಂಪ್ಲಿಫೈಯರ್‌ಗೆ ಮೇಲಿನ ಸಿಗ್ನಲ್ ಕೊಟ್ಟರೆ ಸರಾಸರಿ ದಕ್ಷತೆ ಸುಮಾರು ಶೇ 28ಕ್ಕೆ ಕುಸಿಯುತ್ತದೆ. 40 ವ್ಯಾಟ್ ಹೊರಬರಲು 140ಕ್ಕೂ ಹೆಚ್ಚು ವ್ಯಾಟ್ ಒಳಗೆ ಹೋಗಬೇಕು. ಇದು ಆದರ್ಶ ಆಂಪ್ಲಿಫೈಯರ್‌ನ ಲೆಕ್ಕ, ನಿಜವಾದದ್ದು ಇನ್ನೂ ಕೆಳಗಿರುತ್ತದೆ. ಇಲ್ಲಿಂದ ಮುಂದಿನ ಕೆಲಸ ಗಣಿತದ್ದು.

ಶಿಖರ ಕತ್ತರಿಸುವ ಕೆಲಸ

ಮೊದಲ ಉಪಾಯ ಸರಳವಾಗಿದೆ. ಸಿಗ್ನಲ್ ಆಂಪ್ಲಿಫೈಯರ್ ತಲುಪುವ ಮೊದಲೇ, ಅದಿನ್ನೂ ಬರೀ ಅಂಕಿಗಳ ಸಾಲಾಗಿರುವಾಗ, ಅತಿ ಎತ್ತರದ ಶಿಖರಗಳನ್ನು ಸವರಿಬಿಡುವುದು. ಎಂಜಿನಿಯರ್‌ಗಳು ಇದನ್ನು ಕ್ರೆಸ್ಟ್ ಫ್ಯಾಕ್ಟರ್ ರಿಡಕ್ಷನ್ ಎನ್ನುತ್ತಾರೆ. ಸರಾಸರಿಯ ಹತ್ತು ಪಟ್ಟಿನ ಬದಲು ಐದು ಪಟ್ಟಿಗೆ ಮಿತಿ ಹಾಕಿದರೆ 150 ಮಾದರಿಗಳಲ್ಲಿ ಒಂದನ್ನಷ್ಟೇ ಮುಟ್ಟಬೇಕಾಗುತ್ತದೆ. ಆದರೂ ಅದೇ ಪಠ್ಯಪುಸ್ತಕದ ಆಂಪ್ಲಿಫೈಯರ್‌ನ ದಕ್ಷತೆ ಶೇ 28ರಿಂದ ಶೇ 40ರ ಹತ್ತಿರಕ್ಕೆ ಏರುತ್ತದೆ, 140 ವ್ಯಾಟ್ ತಿನ್ನುತ್ತಿದ್ದದ್ದು 100ಕ್ಕೆ ಇಳಿಯುತ್ತದೆ. ಟ್ರಾನ್ಸಿಸ್ಟರಿನ ತಂಟೆಗೇ ಹೋಗದೆ ಇಷ್ಟು ಉಳಿತಾಯ.

ಹಾಗಾದರೆ ಇನ್ನೂ ಕತ್ತರಿಸಬಾರದೇಕೆ? ಕತ್ತರಿಸಿದ್ದು ಸಿಗ್ನಲ್‌ನ ಭಾಗವೇ ಆದ್ದರಿಂದ. ಪ್ರತಿ ಕತ್ತರಿಯೂ ಒಂದು ದೋಷ, ಆ ದೋಷ ಎರಡು ಕಡೆಗೆ ಹರಡುತ್ತದೆ. ಒಂದಷ್ಟು ನಮ್ಮದೇ ಪಟ್ಟಿಯೊಳಗೆ ಬಿದ್ದು ಮಾಹಿತಿಯನ್ನು ಮಸುಕುಗೊಳಿಸುತ್ತದೆ. 256 ಬಗೆಯ ಚಿಹ್ನೆಗಳನ್ನು ಬಳಸುವ ಅತಿವೇಗದ ವಿಧಾನದಲ್ಲಿ ಟವರ್‌ನ ಒಟ್ಟು ದೋಷ ಶೇ 3.5 ಮೀರಬಾರದೆಂದು ಮಾನದಂಡ ಹೇಳುತ್ತದೆ. ಇನ್ನಷ್ಟು ದೋಷ ಪಕ್ಕದ ಪಟ್ಟಿಗೆ ಸೋರುತ್ತದೆ. ಆ ಪಟ್ಟಿ ಬೇರೆ ಕಂಪನಿ ಹರಾಜಿನಲ್ಲಿ ಹಣ ತೆತ್ತು ಕೊಂಡದ್ದು. ಅಲ್ಲಿಗೆ ಸೋರಿಕೆ 45 ಡೆಸಿಬಲ್ ಕೆಳಗಿರಬೇಕು, ಅಂದರೆ ನಮ್ಮ ಶಕ್ತಿಯ ಸುಮಾರು ಮೂವತ್ತು ಸಾವಿರದಲ್ಲಿ ಒಂದು ಭಾಗ. ಕತ್ತರಿಸಿ, ಸೋರಿದ್ದನ್ನು ಸೋಸಿ ತೆಗೆದರೆ ಸೋಸುವಿಕೆಯೇ ಶಿಖರವನ್ನು ಮತ್ತೆ ಸ್ವಲ್ಪ ಬೆಳೆಸುತ್ತದೆ. ಮತ್ತೆ ಕತ್ತರಿಸಬೇಕು, ಮತ್ತೆ ಸೋಸಬೇಕು. ಕೆಲವು ಸುತ್ತುಗಳಾದ ಮೇಲೆ ಇನ್ನು ಸಾಕು ಎಂದು ನಿಲ್ಲಿಸುವ ಜಾಗವೇ ವಿನ್ಯಾಸಕಾರನ ಕೈಚಳಕ.

ಮೊದಲೇ ಸೊಟ್ಟ ಮಾಡಿ ಕಳುಹಿಸುವುದು

ಎರಡನೇ ಉಪಾಯದ ಹೆಸರು ಡಿಜಿಟಲ್ ಪ್ರಿಡಿಸ್ಟಾರ್ಷನ್, ಈ ವಲಯದವರ ಬಾಯಲ್ಲಿ ಡಿಪಿಡಿ. ಆಂಪ್ಲಿಫೈಯರ್ ಗರಿಷ್ಠ ಮಟ್ಟದ ಹತ್ತಿರ ಬಂದಂತೆ ದಕ್ಷವಾಗುತ್ತದೆ, ಆದರೆ ಅಲ್ಲೇ ಅದರ ನಡತೆಯೂ ಕೆಡುತ್ತದೆ. ಎರಡು ಪಟ್ಟು ಕೊಟ್ಟರೆ ಎರಡು ಪಟ್ಟು ಹೊರಬರದೆ ಒಂದೂಮುಕ್ಕಾಲು ಪಟ್ಟು ಬರುತ್ತದೆ, ಹಂತವೂ ಜಾರುತ್ತದೆ. ಈ ಕೊರತೆ ಎಲ್ಲಿ, ಎಷ್ಟು ಎಂದು ಮೊದಲೇ ತಿಳಿದರೆ ಅದಕ್ಕೆ ವಿರುದ್ಧವಾದ ವಕ್ರತೆಯನ್ನು ಅಂಕಿಗಳಲ್ಲೇ ಸೇರಿಸಿ ಕಳುಹಿಸಬಹುದು. ಸೊಟ್ಟ ಸಿಗ್ನಲ್ ಸೊಟ್ಟ ಆಂಪ್ಲಿಫೈಯರ್ ಮೂಲಕ ಹಾದು ನೆಟ್ಟಗೆ ಹೊರಬರುತ್ತದೆ.

ಆಂಪ್ಲಿಫೈಯರ್‌ನ ವಕ್ರತೆ ಸ್ಥಿರವಾಗಿದ್ದರೆ ಒಂದು ಕೋಷ್ಟಕ ಬರೆದಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಅದು ಹಾಗಿರುವುದಿಲ್ಲ. ಈಗಿನ ಉತ್ತರ ಈಗ ಕೊಟ್ಟದ್ದನ್ನಷ್ಟೇ ಅಲ್ಲ, ಕೆಲವು ನ್ಯಾನೊಸೆಕೆಂಡ್ ಹಿಂದೆ ಕೊಟ್ಟದ್ದನ್ನೂ ಅವಲಂಬಿಸುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಂದು ವಕ್ರತೆ, ಮುಂಜಾವದ ತಂಪಿಗೆ ಇನ್ನೊಂದು. ಹಾಗಾಗಿ ಪೆಟ್ಟಿಗೆಯೊಳಗೆ ಒಂದು ಪುಟ್ಟ ಗ್ರಾಹಕವನ್ನು (ರಿಸೀವರ್) ಕೂರಿಸಿ, ಹೊರಹೋಗುವ ಸಿಗ್ನಲ್‌ನ ತುಣುಕನ್ನು ಹಿಂದಕ್ಕೆ ತಂದು, ಕಳುಹಿಸಬೇಕಿದ್ದದ್ದರ ಜೊತೆ ಹೋಲಿಸಿ, ಗಣಿತದ ಮಾದರಿಯನ್ನು ತಿದ್ದುತ್ತಲೇ ಇರಬೇಕಾಗುತ್ತದೆ. ವಕ್ರತೆಯ ಪರಿಣಾಮ ನಮ್ಮ ಪಟ್ಟಿಯ ಆಚೆಗೂ ಹರಡುವುದರಿಂದ ಅದರ ಮೂರರಿಂದ ಐದು ಪಟ್ಟು ಅಗಲವನ್ನು ಗಮನಿಸಬೇಕು. ಅಂದರೆ ಅಲೆಯನ್ನು ಅಂಕಿಗಳಾಗಿ ಬದಲಿಸುವ ವೇಗದ ಪರಿವರ್ತಕಗಳು, ಸೆಕೆಂಡಿಗೆ ಕೋಟ್ಯಂತರ ಗುಣಾಕಾರಗಳು. ಅವೂ ವಿದ್ಯುತ್ತನ್ನೇ ತಿನ್ನುತ್ತವೆ.

ಯಂತ್ರಾಂಶದ ಕಡೆಯಿಂದಲೂ ಪ್ರಯತ್ನ ನಡೆದೇ ಇದೆ, ಆಶ್ಚರ್ಯವೆಂದರೆ ಅಲ್ಲಿನ ಮುಖ್ಯ ವಿಚಾರಗಳೆಲ್ಲ ನಿರ್ವಾತ ನಳಿಕೆಗಳ (ವಾಲ್ವ್) ಕಾಲದವು. ಫ್ರಾನ್ಸಿನ ಆಂರಿ ಶಿರೇ 1935ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಲಿಯಂ ಡೊಹರ್ಟಿ 1936ರಲ್ಲಿ, ಲಿಯೊನಾರ್ಡ್ ಕಾನ್ 1952ರಲ್ಲಿ ದಾರಿ ತೋರಿಸಿದರು. ಇಂದಿನ ಟವರ್‌ಗಳಲ್ಲಿ ಮನೆಮಾತಾಗಿರುವುದು ಡೊಹರ್ಟಿಯ ಉಪಾಯ. ಒಂದು ಆಂಪ್ಲಿಫೈಯರ್ ಸದಾ ದುಡಿಯುತ್ತದೆ, ಇನ್ನೊಂದು ಶಿಖರ ಬಂದಾಗಷ್ಟೇ ಕೈಜೋಡಿಸುತ್ತದೆ. ದಕ್ಷತೆ ಚೆನ್ನಾಗಿ ಏರುತ್ತದೆ, ಆದರೆ ಎರಡನೆಯದು ಒಳಬರುವ ಗಳಿಗೆಯಲ್ಲಿ ವಕ್ರತೆ ವಿಪರೀತ. ಡಿಪಿಡಿ ಬಂದ ಮೇಲೆಯೇ ಇದು ಮೊಬೈಲ್ ಟವರ್‌ಗಳಲ್ಲಿ ನಿಜವಾಗಿ ನೆಲೆಯೂರಿದ್ದು. ಸಿಗ್ನಲ್ ಏರಿಳಿದಂತೆ ಆಂಪ್ಲಿಫೈಯರ್‌ಗೆ ಕೊಡುವ ವೋಲ್ಟೇಜನ್ನೇ ಏರಿಸಿ ಇಳಿಸುವ ಎನ್ವಲಪ್ ಟ್ರ್ಯಾಕಿಂಗ್ 2013ರ ಹೊತ್ತಿಗೆ ಫೋನ್‌ಗಳಿಗೆ ಬಂತು. ಪಟ್ಟಿ ಅಗಲವಾದಷ್ಟೂ ಏರಿಳಿತ ಚುರುಕಾಗಿ, ಅದರ ಬೆನ್ನಟ್ಟುವ ವಿದ್ಯುತ್ ಪೂರೈಕೆಯೇ ಏದುಸಿರು ಬಿಡುತ್ತದೆ.

ಅರವತ್ತನಾಲ್ಕು ಆಂಪ್ಲಿಫೈಯರ್‌ಗಳ ತಲೆನೋವು

ಸಿಗ್ನಲ್ ಸಂಸ್ಕರಣೆ ಉಚಿತವಲ್ಲ ಎಂಬ ಮಾತು ಚುಚ್ಚತೊಡಗಿದ್ದು 5ಜಿಯಲ್ಲಿ. ಹಿಂದೆ ಒಂದು ಕವಲಿಗೆ, ಅಂದರೆ ಆಂಟೆನಾಗೆ ಹೋಗುವ ಒಂದು ಪ್ರತ್ಯೇಕ ದಾರಿಗೆ, 40 ವ್ಯಾಟ್‌ನ ಒಂದೇ ಆಂಪ್ಲಿಫೈಯರ್ ಇತ್ತು. ಶಿಖರ ಕತ್ತರಿಸಿ, ಡಿಪಿಡಿ ಹಾಕಿ 40 ವ್ಯಾಟ್ ಉಳಿಸಿದರೆ ಆ ಲೆಕ್ಕಾಚಾರಕ್ಕೆ ನಾಲ್ಕೈದು ವ್ಯಾಟ್ ಹೋದರೂ ಚಿಂತೆಯಿರಲಿಲ್ಲ. 5ಜಿಯ ದೊಡ್ಡ ರೇಡಿಯೋದಲ್ಲಿ ಒಟ್ಟು 320 ವ್ಯಾಟ್ 64 ಕವಲುಗಳಿಗೆ ಹಂಚಿಹೋಗುತ್ತದೆ, ಒಂದೊಂದಕ್ಕೂ 5 ವ್ಯಾಟ್. ಅದೇ ಶೇ 28ರಿಂದ ಶೇ 40ಕ್ಕೆ ಏರುವ ಲೆಕ್ಕ ಹಿಡಿದರೆ ಪ್ರತಿ ಕವಲಿನಲ್ಲಿ ಉಳಿಯುವುದು ಐದು ವ್ಯಾಟ್‌ಗಿಂತ ತುಸು ಹೆಚ್ಚು. ಸಂಸ್ಕರಣೆ ಮತ್ತು ಹಿಂದಿರುಗುವ ಗ್ರಾಹಕ ಸೇರಿ ಒಂದು ವ್ಯಾಟ್ ತಿಂದರೆ ಲಾಭ, ಐದು ತಿಂದರೆ ಶ್ರಮ ವ್ಯರ್ಥ. ಮುಂದೆ ಅದೇ 320 ವ್ಯಾಟ್ 256 ಕವಲುಗಳಿಗೆ ಹಂಚಿಹೋದರೆ ಕವಲೊಂದಕ್ಕೆ ಉಳಿಸಬಹುದಾದದ್ದೇ ಒಂದೂಕಾಲು ವ್ಯಾಟ್ ಚಿಲ್ಲರೆ.

ಇದಕ್ಕೆ ಇನ್ನೊಂದು ತೊಡಕು ಅಂಟಿಕೊಂಡಿದೆ. ಆಂಟೆನಾಗಳು ಒತ್ತೊತ್ತಾಗಿರುವುದರಿಂದ ಒಂದರ ಅಲೆ ಪಕ್ಕದ್ದರೊಳಗೆ ನುಸುಳುತ್ತದೆ. ಈ ಆಂಟೆನಾಗಳು ಸೇರಿ ಒಂದು ದಿಕ್ಕಿಗೆ ಹಾಯಿಸುವ ಅಲೆಗಳ ಕಿರಣವನ್ನು ಎಡಕ್ಕೆ ತಿರುಗಿಸಿದಾಗ ಆಂಪ್ಲಿಫೈಯರ್ ಕಾಣುವ ಹೊರೆ ಒಂದು ತೆರ, ಬಲಕ್ಕೆ ತಿರುಗಿಸಿದಾಗ ಇನ್ನೊಂದು. ನಿನ್ನೆ ಕಲಿತ ವಕ್ರತೆ ಇಂದಿನ ಕಿರಣಕ್ಕೆ ಹೊಂದುವುದಿಲ್ಲ. ಹಾಗಾಗಿ ಈಗಿನ ಸಂಶೋಧನೆಯ ಬಹುಪಾಲು ಇನ್ನೂ ನಿಖರವಾದ ಡಿಪಿಡಿಗಿಂತ ಇನ್ನೂ ಅಗ್ಗವಾದ ಡಿಪಿಡಿಯನ್ನು ಹುಡುಕುತ್ತಿದೆ: ಅನಗತ್ಯ ಪದಗಳನ್ನು ಕಿತ್ತೆಸೆದ ಸಮೀಕರಣಗಳು, ಹಲವು ಆಂಪ್ಲಿಫೈಯರ್‌ಗಳಿಗೆ ಸೇರಿ ಒಂದೇ ತಿದ್ದುಪಡಿ, ಪುಟ್ಟ ನರಜಾಲಗಳು (ನ್ಯೂರಲ್ ನೆಟ್‌ವರ್ಕ್). ನರಜಾಲ ಬಳಸಿದ ಮಾತ್ರಕ್ಕೆ ವಿದ್ಯುತ್ ಉಳಿಯುತ್ತದೆ ಎಂಬ ಪ್ರಚಾರವನ್ನು ಮಾತ್ರ ಅನುಮಾನದಿಂದಲೇ ನೋಡಬೇಕು. ತಿದ್ದುವ ಯಂತ್ರದ ವಿದ್ಯುತ್ತನ್ನೂ ಕೂಡಿಸಿ ತೋರಿಸದ ದಕ್ಷತೆಗೆ ಅರ್ಥವಿಲ್ಲ.

ಮೂರು ಬಣಗಳ ವಾದ

ಮೊದಲ ಬಣ ಹೇಳುವುದು ಸಿಗ್ನಲ್‌ನ ಆಕಾರವನ್ನೇ ಬದಲಿಸಿ ಎಂದು. ಈ ಮಾತಿಗೆ ಆಧಾರವಿದೆ. 4ಜಿ ರೂಪಿಸಿದಾಗಲೇ ಫೋನಿನಿಂದ ಟವರ್‌ಗೆ ಹೋಗುವ ದಿಕ್ಕಿನಲ್ಲಿ ಶಿಖರ ಕಡಿಮೆ ಇರುವ ಬೇರೆ ಬಗೆಯ ಸಿಗ್ನಲ್ ಆರಿಸಲಾಯಿತು. ಫೋನಿನ ಬ್ಯಾಟರಿ ಸಣ್ಣದು, ಆಂಪ್ಲಿಫೈಯರ್ ಅಗ್ಗದ್ದು. 5ಜಿಯಲ್ಲೂ ಫೋನ್‌ಗೆ ಆ ಆಯ್ಕೆ ಉಳಿದಿದೆ. ಅದನ್ನೇ ಟವರ್‌ಗೂ ಯಾಕೆ ತರಬಾರದು ಎಂಬುದು ಪ್ರಶ್ನೆ. ಟವರ್ ಒಂದೇ ಹೊತ್ತಿನಲ್ಲಿ ಹತ್ತಾರು ಜನರಿಗೆ ಪಟ್ಟಿಯ ಬೇರೆ ಬೇರೆ ತುಂಡುಗಳಲ್ಲಿ, ಬೇರೆ ಬೇರೆ ಕಿರಣಗಳಲ್ಲಿ ಕಳುಹಿಸುತ್ತದೆ. ಎಲ್ಲವನ್ನೂ ಕೂಡಿಸಿದಾಗ ಆಂಪ್ಲಿಫೈಯರ್ ಕಾಣುವ ಸಿಗ್ನಲ್ ಮತ್ತೆ ಗುಡ್ಡಗಾಡೇ ಆಗುತ್ತದೆ. 6ಜಿಯಲ್ಲೂ ಒಎಫ್‌ಡಿಎಂ ಬುನಾದಿಯಾಗಿ ಉಳಿಯುವ ದಿಕ್ಕಿನಲ್ಲೇ ಮಾನದಂಡದ ಚರ್ಚೆ ಸಾಗಿರುವುದಕ್ಕೆ ಇದೂ ಒಂದು ಕಾರಣ.

ಎರಡನೇ ಬಣ ಆಂಪ್ಲಿಫೈಯರ್ ಪರ: ಗ್ಯಾಲಿಯಂ ನೈಟ್ರೈಡ್‌ನ ಟ್ರಾನ್ಸಿಸ್ಟರ್ ಹಾಕಿ, ಡೊಹರ್ಟಿ ಜೋಡಿಸಿ, ಡಿಪಿಡಿ ಬಿಗಿಗೊಳಿಸಿ. ಸಿಲಿಕಾನ್‌ಗಿಂತ ಈ ವಸ್ತು ಮೇಲಿನ ಆವರ್ತನಗಳಲ್ಲಿ ನಿಸ್ಸಂಶಯವಾಗಿ ದಕ್ಷ. ಆದರೆ ಅದರೊಳಗೆ ಸಿಕ್ಕಿಬೀಳುವ ವಿದ್ಯುದಾವೇಶಗಳಿಂದಾಗಿ ಅದರ ‘ನೆನಪು’ ದೀರ್ಘ. ದಟ್ಟಣೆ ಹಠಾತ್ತನೆ ಏರಿ ಇಳಿದಾಗ ತನ್ನ ಹಿಂದಿನ ಸ್ಥಿತಿಯನ್ನು ಮರೆಯಲು ಸಮಯ ತೆಗೆದುಕೊಳ್ಳುತ್ತದೆ, ಡಿಪಿಡಿಯ ಕೆಲಸ ಇನ್ನಷ್ಟು ಕಠಿಣವಾಗುತ್ತದೆ. ಪೂರೈಕೆಯ ರಾಜಕೀಯವೂ ಇದೆ. ಗ್ಯಾಲಿಯಂ ಉತ್ಪಾದನೆಯಲ್ಲಿ ಸಿಂಹಪಾಲು ಹೊಂದಿರುವ ಚೀನಾ 2023ರ ಆಗಸ್ಟ್‌ನಿಂದ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡ್ ಸಂಶೋಧನೆಗೆ ಸರ್ಕಾರ ಹಣ ಹೂಡುತ್ತಿರುವುದಕ್ಕೆ ಈ ಅವಲಂಬನೆಯ ಆತಂಕವೂ ಕಾರಣ.

ಮೂರನೇ ಬಣ ನಿಷ್ಠುರವಾಗಿ ಮಾತಾಡುತ್ತದೆ: ಕಳುಹಿಸಲು ಏನೂ ಇಲ್ಲದಾಗ ಆರಿಸಿ. 4ಜಿ ಟವರ್ ಖಾಲಿ ಇದ್ದರೂ ಪ್ರತಿ ಮಿಲಿಸೆಕೆಂಡಿಗೆ ಗುರುತಿನ ಸಂಕೇತ ಕಳುಹಿಸಲೇಬೇಕು, ಹಾಗಾಗಿ ನಿದ್ರೆ ಬರುವುದೇ ಇಲ್ಲ. 5ಜಿಯಲ್ಲಿ ಅಂಥ ಮುಖ್ಯ ಸಂಕೇತ 20 ಮಿಲಿಸೆಕೆಂಡಿಗೊಮ್ಮೆ ಸಾಕು. ನಡುವಿನ ಬಿಡುವಿನಲ್ಲಿ ಆಂಪ್ಲಿಫೈಯರ್‌ನ ಬಯಾಸ್, ಅಂದರೆ ಅದನ್ನು ಸದಾ ಸಿದ್ಧವಾಗಿಡುವ ವೋಲ್ಟೇಜ್, ತೆಗೆದುಬಿಡಬಹುದು. ಬಯಾಸ್ ಇದ್ದರೆ ಅದು ಏನೂ ಕಳುಹಿಸದಿದ್ದರೂ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಲುವೊಯಾಂಗ್‌ನಲ್ಲಿ ರಾತ್ರಿ ಪೂರ್ತಿ ಮಾಡಿದ್ದನ್ನು ಇಲ್ಲಿ ಮಿಲಿಸೆಕೆಂಡುಗಳಲ್ಲಿ ಮಾಡಲಾಗುತ್ತದೆ. ನಿದ್ರೆ ಆಳವಾದಷ್ಟೂ ಏಳುವುದು ತಡ, ಎದ್ದ ಕೂಡಲೇ ಆಂಪ್ಲಿಫೈಯರ್ ತಣ್ಣಗಿದ್ದು ಡಿಪಿಡಿಯ ಲೆಕ್ಕ ತಪ್ಪುತ್ತದೆ. ಮೂರು ಬಣಗಳ ಕೆಲಸ ಒಂದಕ್ಕೊಂದು ಕಾಲು ತೊಡರಿಸುವುದು ಇಂಥ ಕಡೆ.

ಇವುಗಳಲ್ಲಿ ಇಂದಿನ ಸ್ಥಿತಿಗೆ ಹೆಚ್ಚು ಒಗ್ಗುವುದು ಮೂರನೆಯದೇ. ಹೆಚ್ಚಿನ ಟವರ್‌ಗಳು ದಿನದ ಹೆಚ್ಚಿನ ಹೊತ್ತು ತಮ್ಮ ಸಾಮರ್ಥ್ಯದ ಸಣ್ಣ ಪಾಲಿನಲ್ಲಿ ಓಡುತ್ತವೆ. ಶಿಖರ ಕತ್ತರಿಸುವುದು, ಡಿಪಿಡಿ ಇವೆಲ್ಲ ದಟ್ಟಣೆಯ ಗಂಟೆಗಳಲ್ಲಿ ತಮ್ಮ ಬೆಲೆ ತೋರಿಸುತ್ತವೆ. ಬೆಳಗಿನ ಜಾವ ಮೂರಕ್ಕೆ ಅವುಗಳಿಂದ ಉಳಿಯುವುದು ಅಲ್ಪ.

ಇಲ್ಲಿ ಏನಾಗುತ್ತದೆ

ಭಾರತದಲ್ಲಿ 5ಜಿ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಹಳೆಯ 2ಜಿ, 4ಜಿ ಪೆಟ್ಟಿಗೆಗಳನ್ನು ಇಳಿಸಿ ಅಲ್ಲ, ಬಹುತೇಕ ಅವುಗಳ ಪಕ್ಕದಲ್ಲೇ 5ಜಿ ಏರಿತು. ಹಾಗಾಗಿ ಟವರ್‌ನ ಒಟ್ಟು ಬಳಕೆ ಏರಿದ್ದರಲ್ಲಿ ಅಚ್ಚರಿಯಿಲ್ಲ. ವಿದ್ಯುತ್ ಹೋದಾಗ ಈ ಹೊರೆಯನ್ನು ಹೊರುವುದು ಬ್ಯಾಟರಿ, ಆಮೇಲೆ ಡೀಸೆಲ್ ಜನರೇಟರ್. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ, ಬ್ಯಾಟರಿ ಮುಗಿದೊಡನೆ ಫೋನಿನ ಸಂಕೇತವೂ ಮಾಯ. ರೇಡಿಯೋ ಎಳೆಯುವ ವಿದ್ಯುತ್ ಕಾಲುಭಾಗ ಇಳಿದರೆ, ಆ ರೇಡಿಯೋದ ಪಾಲಿಗೆ ಅದೇ ಬ್ಯಾಟರಿ ಮೂರು ಗಂಟೆಯ ಬದಲು ನಾಲ್ಕು ಗಂಟೆ ಬರುತ್ತದೆ. ಬಿಸಿ ಕಡಿಮೆಯಾದರೆ ಲೋಹದ ರೆಕ್ಕೆಗಳು ಚಿಕ್ಕವಾಗುತ್ತವೆ, ಪೆಟ್ಟಿಗೆ ಹಗುರವಾಗುತ್ತದೆ, ಗೋಪುರದ ಮೇಲೆ ಗಾಳಿಯ ಹೊರೆ ತಗ್ಗುತ್ತದೆ.

ಲಾಭ ಇಷ್ಟಿದ್ದರೂ ಅದು ಯಾರ ಜೇಬಿಗೆ ಎಂಬುದು ಬೇರೆ ಪ್ರಶ್ನೆ. ಬಹಳ ಕಡೆ ಟವರ್ ಒಂದು ಕಂಪನಿಯದು, ಅದರ ಮೇಲಿನ ರೇಡಿಯೋ ಸೇವಾ ಕಂಪನಿಯದು, ರೇಡಿಯೋ ತಯಾರಿಸಿದವರು ಮೂರನೆಯವರು. ಟವರ್ ಕಂಪನಿ ವಿದ್ಯುತ್ ಖರ್ಚನ್ನು ಸೇವಾ ಕಂಪನಿಗೆ ವರ್ಗಾಯಿಸುತ್ತದೆ. ರೇಡಿಯೋ ತಯಾರಕರು ಗಮನ ಕೊಡುವುದು ಕೊಳ್ಳುವವರು ಟೆಂಡರ್‌ನಲ್ಲಿ ಬರೆದದ್ದಕ್ಕೆ.

2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಯಿತು. ಅದರ ರೇಡಿಯೋಗಳನ್ನು ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಅಂದರೆ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಸಂಸ್ಕರಣೆಯನ್ನು ತಿದ್ದುವ, ಸಾಫ್ಟ್‌ವೇರ್ ಮೂಲಕ ಸುಧಾರಿಸುವ ಕೆಲಸ ಈಗ ನಮ್ಮ ಊರಿನಲ್ಲೂ ನಡೆಯಬಲ್ಲದು. ಆ ಕೆಲಸ ಯಾವ ದಿಕ್ಕು ಹಿಡಿಯಬೇಕೆಂದು ನಿರ್ಧರಿಸುವುದು ಅಳತೆಯ ವಿಧಾನ. ಯುರೋಪಿನ ಎಟ್ಸಿ ಸಂಸ್ಥೆಯ ಮಾನದಂಡ ಟವರ್ ರೇಡಿಯೋವನ್ನು ಕಡಿಮೆ, ಮಧ್ಯಮ ಮತ್ತು ದಟ್ಟಣೆಯ ಹೊರೆಗಳಲ್ಲಿ ಬೇರೆ ಬೇರೆಯಾಗಿ ಅಳೆಯುತ್ತದೆ. ಖರೀದಿಯ ಷರತ್ತಿನಲ್ಲಿ ಕಡಿಮೆ ಹೊರೆಯ ವ್ಯಾಟ್‌ಗೆ ಅಂಕ ಕೊಟ್ಟರೆ ತಯಾರಕರು ತಮ್ಮ ಎಂಜಿನಿಯರ್‌ಗಳನ್ನು ಬೇಗ ಮಲಗಿ ಬೇಗ ಏಳುವ, ಎದ್ದೊಡನೆ ಸರಿಯಾದ ಡಿಪಿಡಿ ಲೆಕ್ಕ ಹಿಡಿಯುವ ರೇಡಿಯೋದ ಮೇಲೆ ದುಡಿಸುತ್ತಾರೆ. ಪೂರ್ಣ ಹೊರೆಯ ದಕ್ಷತೆಯನ್ನಷ್ಟೇ ಕೇಳಿದರೆ ಕರಪತ್ರದಲ್ಲಿ ಶೇಕಡಾವಾರು ಏರುತ್ತದೆ, ಬಿಲ್ಲು ಮಾತ್ರ ಇದ್ದಲ್ಲೇ ಇರುತ್ತದೆ.